ಹೊಗೆಕುದುರೆಯ ಬಣ್ಣ

ಬೆಳಗಿನ ಏಳರ ಆಟ ಮುಗಿದು ಬಾಗಿಲು ತೆರೆದಾಗ
ಪಿ.ಬಿ. ರಸ್ತೆಯ ಬಿಸಿಲು ಮುಖಕ್ಕೆ ಹೊಡೆಯಿತು.
ಮೊದಲು ಯಾರೂ ಮಾತಾಡಲಿಲ್ಲ.
ಹಾಲೇಶಿ, ಟಿಕೆಟ್ಟಿನ ಚೂರು ಇನ್ನೂ ಹಲ್ಲಲ್ಲೇ ಕಚ್ಚಿಕೊಂಡು,
‘ಕುದುರೆ ಬೆಳ್ಳಗೈತಲ್ಲಲೇ’ ಅಂದ.

ಅಷ್ಟು ಸಾಕಾಯಿತು.
ಮಿರ್ಚಿ ಗಾಡಿಯ ಮುಂದೆ ಅಷ್ಟೂ ಬಾಯಿ ಒಮ್ಮೆಗೇ ತೆರೆದವು.

ನಮ್ಮದು ಕಪ್ಪು.
ಐದು ಪುಸ್ತಕದಲ್ಲಿ ಎಲ್ಲೂ ಬಣ್ಣ ಹೇಳಿರಲಿಲ್ಲ, ನಿಜ;
ಹೊಗೆಯಿಂದ ಹುಟ್ಟಿದ ಕುದುರೆ ಎಂದಷ್ಟೇ ಇತ್ತು.
ಆದರೆ ಮಂಡಕ್ಕಿ ಭಟ್ಟಿಯ ಓಣಿಯಲ್ಲಿ ಹುಟ್ಟಿದವರು
ಹೊಗೆಯ ಬಣ್ಣ ಇನ್ನೊಬ್ಬರನ್ನು ಕೇಳಬೇಕೆ?
ರಾತ್ರಿ ಹಗ್ಗದ ಮೇಲೆ ಮರೆತ ಬಿಳಿ ಅಂಗಿ ತೊಟ್ಟು ಹೋದರೆ
ಮೇಷ್ಟ್ರು ಕೊರಳಪಟ್ಟಿ ಹಿಡಿದು
‘ಇದೇನೋ ಇದು’ ಎನ್ನುತ್ತಿದ್ದ ಬಣ್ಣ ಅದು.
ಹಳೆ ಟೈರು ಸುಡುವ ದಿನ
ಚಿಮಣಿಯ ಬಾಯಿಂದ ಮೊದಲು ಕಿವಿ, ಆಮೇಲೆ ಜೂಲು,
ಆಮೇಲೆ ಇಡೀ ಮೈ ಎದ್ದು, ಕೆಮ್ಮಿ,
ಆವರಗೆರೆ ಕಡೆ ಓಡಿದ್ದನ್ನು
ಕಣ್ಣಾರೆ ಕಂಡವರು ನಾವು.

ಓದಿದವಳು ನಾನು. ಉಳಿದವರು ಕೇಳಿದವರು.
ಕಾದ ಮರಳಿನ ಬಾಣಲೆಯಿಂದ ಮಾರು ದೂರದಲ್ಲಿ
ಜಬೀನಾ ಜರಡಿ ಆಡಿಸುತ್ತಲೇ ಕೇಳುತ್ತಿದ್ದಳು.
ಹೆದರಿಕೆಯ ಜಾಗ ಬಂದರೆ ಜರಡಿ ನಿಲ್ಲುತ್ತಿತ್ತು.
ಒಳಗಿಂದ ಅವರಪ್ಪ:
‘ಏನಮ್ಮಾ, ಕುದುರೆ ಮತ್ತೆ ಬಾವಿಗೆ ಬಿತ್ತೇನು?’

ಪರದೆಯ ಕುದುರೆಗೆ ಬಾಲದ ತುಂಬ ಮಿಂಚು,
ನೆಲವನ್ನೇ ಮುಟ್ಟದ ಗೊರಸು.
‘ತಣ್ಣಗೈತಿ ಅದು,’ ಜಬೀನಾ ಅಂದಳು,
‘ಹತ್ತಿ ಕುಂತ್ರೆ ನೆಗಡಿ ಆಗ್ತೈತಿ.’
ರುದ್ರಾಣಿಗೆ ಸಿಟ್ಟು ಬೇರೆ:
ಗಂಟೆ ಕದಿಯುವ ಅಜ್ಜಿಯೇ ಇಲ್ಲ!
ಮೂರನೇ ಪುಸ್ತಕ ಪೂರ್ತಿ ಅವಳದು.
‘ಮುದುಕೀನ ಯಾರು ನೋಡ್ತಾರೆ ಅಂತ ಕಿತ್ತು ಬಿಸಾಕ್ಯಾರೆ.’
ತಬರೇಜನಿಗೆ ಮಾತ್ರ ಎಲ್ಲವೂ ಇಷ್ಟ, ಪರದೆ ಎಳೆದದ್ದೂ ಇಷ್ಟ.
ನದಿ ತಲೆಕೆಳಗಾದಾಗ ಸೀಟಿನ ಕೈ ಹಿಡಿದನಂತೆ,
ಅದು ಪಕ್ಕದ ಸೀಟಿನ ಯಾರೋ ಹಿರಿಯರ ಕೈಯಂತೆ,
ಅವರೂ ಬಿಡಿಸಿಕೊಳ್ಳಲಿಲ್ಲವಂತೆ.

ನಾನು ಸುಮ್ಮನೆ ತಿನ್ನುತ್ತಿದ್ದೆ.
ಕೊನೆಯ ಮಾತು ಯಾರೂ ಎತ್ತದಿರಲಿ ಎಂದು.

ಯಾಕೆಂದರೆ ಐದನೇ ಪುಸ್ತಕಕ್ಕೆ ಕೊನೆಯ ಒಂಬತ್ತು ಹಾಳೆ ಇರಲಿಲ್ಲ.
ಗ್ರಂಥಾಲಯದಿಂದ ತರುವಾಗಲೇ ಇರಲಿಲ್ಲ.
ಕುದುರೆ ಗಾಳಿಬಾಗಿಲ ಮುಂದೆ ನಿಂತಿತ್ತು,
ಹುಡುಗಿ ಕೈ ಚಾಚಿ
ಅಲ್ಲಿಗೆ ದಾರದ ಹೊಲಿಗೆ, ಆಮೇಲೆ ರಟ್ಟು.
ಆ ಸಂಜೆ ಭಟ್ಟಿಯ ಮುಂದೆ ಹನ್ನೊಂದು ಮುಖ.
ಹದಿಮೂರು ವರ್ಷದವಳು ಏನು ಮಾಡಬೇಕಿತ್ತು?
ಬರಿಯ ರಟ್ಟನ್ನು ಮುಖದ ಮುಂದೆ ಹಿಡಿದು
ಓದಿಬಿಟ್ಟೆ.
ಕುದುರೆ ಬಾಗಿಲು ದಾಟಲಿಲ್ಲ ಎಂದೆ.
ತಿರುಗಿ ಬಂತು, ನಮ್ಮಂಥದೇ ಒಂದು ಊರಿಗೆ,
ಹಗಲಿಡೀ ಒಲೆಯ ಬೂದಿಯಲ್ಲಿ ಮಲಗಿ
ಸಂಜೆ ಬೆಂಕಿ ಹಚ್ಚಿದಾಗ ಎದ್ದು ಹೊರಡುತ್ತದೆ ಎಂದೆ.
ನಡುವೆ ಒಮ್ಮೆ ಬೆರಳಿಗೆ ಉಗುಳು ಹಚ್ಚಿ
ಇಲ್ಲದ ಹಾಳೆಯನ್ನೂ ತಿರುವಿದೆ.

ಇವತ್ತು ಪರದೆಯ ಮೇಲೆ
ಅದು ಬಾಗಿಲಲ್ಲೇ ಕರಗಿಹೋಯಿತು.
ಹುಡುಗಿ ಅತ್ತಳು. ಪಿಟೀಲು ಬಹಳ ಹೊತ್ತು ಅತ್ತಿತು.
ನಮ್ಮ ಸಾಲಿನಲ್ಲಿ ಯಾರೂ ಅಳಲಿಲ್ಲ,
ಎಲ್ಲರೂ ಕತ್ತಲಲ್ಲಿ ನನ್ನ ಕಡೆ ನೋಡಿದ ಹಾಗೆ ಅನ್ನಿಸಿತು.

‘ಕೊನೆ ಯಾಕಂಗೆ ಮಾಡಿದ್ರು?’ ಹಾಲೇಶಿಯೇ ಕೇಳಿದ.
ಬಾಯಲ್ಲಿದ್ದ ಮಿರ್ಚಿ ನುಂಗಲೂ ಆಗದೆ ನಿಂತೆ.

ಜಬೀನಾ ನನ್ನ ಮುಖ ನೋಡಿದಳು.
ಈಗ ಅವಳು ಬಿ.ಎಡ್. ಮಾಡಿದವಳು,
ಮನೆಯಲ್ಲಿ ಐದೂ ಪುಸ್ತಕದ ಹೊಸ ಪ್ರತಿ ಇದೆ,
ಐದನೆಯದರ ಬೆನ್ನು ಸವೆದಿದೆ, ನಾನೇ ಕಂಡಿದ್ದೇನೆ.
ಈರುಳ್ಳಿ ಚೂರನ್ನು ನಿಧಾನ ಅಗಿದು ಹೇಳಿದಳು:
‘ಪಾಪ, ಸಿನಿಮಾದವರ ಪುಸ್ತಕದಾಗೆ
ಕೊನೆ ಹಾಳೆ ಹರಿದಿರ್ಬೇಕು.’

‘ಹೌದು ಮತ್ತೆ’ ಎಂದರು ಎಲ್ಲರೂ,
ಇನ್ನೊಂದು ಪ್ಲೇಟು ಹೇಳಿದರು.

ನಾನು ಎಣ್ಣೆ ಹೀರಿದ ಕಾಗದ ಬಿಡಿಸಿ ನೋಡಿದೆ,
ಎಲ್ಲಿ ಮಿರ್ಚಿ ತಿಂದರೂ ನೋಡುತ್ತೇನೆ.
ಹತ್ತನೇ ತರಗತಿಯ ಗಣಿತ.
ತ್ರಿಕೋನವೊಂದರ ಎರಡು ಬಾಹು ಇತ್ತು,
ಮೂರನೆಯದು ಹರಿದ ಕಡೆ.