ಟವೆಲ್ಲಿನ ತೂಕ

ಅಮ್ಮತ್ತಿಯ ಮೆಣಸಿನ ಮಂಡಿಯಲ್ಲಿ
ಮೂವತ್ತೊಂದು ವರ್ಷದಿಂದ ತಕ್ಕಡಿಯ ಮುಂದೆ ನಾನು.
ಕಾಳನ್ನು ಅಂಗೈಗೆ ಸುರಿದರೆ ಸಾಕು,
ತೇವ ಎಷ್ಟು, ಜೊಳ್ಳು ಎಷ್ಟು,
ಲೀಟರಿಗೆ ಎಷ್ಟು ಗ್ರಾಂ ನಿಲ್ಲುತ್ತದೆ
ಕಣ್ಣು ಮುಚ್ಚಿ ಹೇಳುತ್ತೇನೆ.
ಈಗಿನದು ಕರೆಂಟಿನ ತಕ್ಕಡಿ. ಕೆಂಪು ಅಂಕಿ ಸುಳ್ಳು ಹೇಳುವುದಿಲ್ಲ;
ಹೇಳಿಸಬೇಕಾದರೆ ಸಾವುಕಾರರ ಹೆಬ್ಬೆರಳು ಬೇಕು.

ಸೋಮವಾರ ಮಧ್ಯಾಹ್ನ, ಆಟೋದವರೆಲ್ಲ ಊಟಕ್ಕೆ ಹೋದ ಮೇಲೆ
ಮಾಚವ್ವಕ್ಕ ಬರುತ್ತಾರೆ.
ಕಂಕುಳಲ್ಲಿ ಟವೆಲ್ಲು, ಟವೆಲ್ಲಿನೊಳಗೆ ಚಿಟ್ಟಿ:
ಕಿವಿ ಎರಡು, ಕಣ್ಣು ಎರಡು, ಉಳಿದದ್ದೆಲ್ಲ ರೋಮ.
'ಎಷ್ಟಾಯಿತು ನೋಡು ದೇರಣ್ಣ.'
ಒಂದು ಕಿಲೋ ಎಂಟುನೂರ ನಲವತ್ತು.
ಹೋದ ವಾರವೂ ಅಷ್ಟೇ.

ನನ್ನ ಮನೆಯ ಕರ್ಣನನ್ನು ಕೇಳುತ್ತಿದ್ದಾರೆ ಅವರು,
ಗಂಡು, ನಾಲ್ಕು ಕಿಲೋ, ಎದೆ ಅಗಲ, ಹಟಮಾರಿ.
ಎರಡೂವರೆ ತುಂಬದ ಹೆಣ್ಣಿಗೆ ಬಿಡುವುದಿಲ್ಲ ಎಂದಿದ್ದೇನೆ,
ತುಂಬಿದರೂ ಕರ್ಣನನ್ನಲ್ಲ, ಅವಳಿಗಿಂತ ಸಣ್ಣವನನ್ನು ಹುಡುಕಿ ಎಂದಿದ್ದೇನೆ.
'ನಿನ್ನ ನಿಯಮ, ನಿನ್ನ ತಕ್ಕಡಿ,
ಎರಡೂವರೆ ಅಂತ ನೀನೇ ಬರಕೋ' ಎಂದು ನಗುತ್ತಾರೆ.
ಮೈಸೂರಿನವರು ಯಾರೋ ಮರಿಗೆ ನಲವತ್ತು ಸಾವಿರ ಕೊಡುತ್ತಾರಂತೆ,
ಟೀ ಕಪ್ಪಿನಲ್ಲಿ ಕೂರಿಸಿ ಫೋಟೋ ಕಳಿಸಬೇಕಂತೆ.
ಆಮೇಲೆ ನಗು ನಿಲ್ಲಿಸಿ,
'ದುಡ್ಡಿಗಲ್ಲ ಮಾರಾಯ,
ಇವಳ ಹಾಗೇ ಇನ್ನೊಂದು ಬೇಕು.'

ತುಪ್ಪ ಹಾಕುತ್ತೇನೆ, ಪಾಪುಟ್ಟು ತಿನ್ನಿಸುತ್ತೇನೆ,
ಕಕ್ಕಡ ಕಳೆಯುವುದರೊಳಗೆ ತೂಕ ಬರುತ್ತದೆ ಎಂದರು.
ಬರುತ್ತದೆ ಅಕ್ಕ.
ನೆನೆಸಿದ ಮೆಣಸೂ ತೂಗುತ್ತದೆ,
ಒಣಗಿದ ಮೇಲೆ ಅದೇ ಕಾಳು.
ಮಾಂಸ ಏರಬಹುದು, ಸೊಂಟದ ಮೂಳೆ ಹಿಗ್ಗುವುದಿಲ್ಲ.

ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಐದು ವರ್ಷದ ಹಿಂದೆ ಪಾಲಿಬೆಟ್ಟದಲ್ಲಿ ಪಿಂಕಿ,
ಹೆಚ್ಚುಕಡಿಮೆ ಚಿಟ್ಟಿಯದೇ ಅಳತೆ.
ಹೊಟ್ಟೆಯಲ್ಲಿ ಒಂದೇ ಮರಿ ಎಂದಾಗ
ಒಳ್ಳೆಯದಾಯಿತು, ಸುಲಭ, ಎಂದವನು ನಾನೇ.
ಒಂಟಿ ಮರಿಗೆ ತಾಯಿಯ ಅನ್ನವೆಲ್ಲ ಒಬ್ಬನಿಗೇ,
ಅದು ಬೆಳೆಯುತ್ತಲೇ ಇರುತ್ತದೆ ಎಂದು
ಯಾರು ಹೇಳಿದ್ದರು ನನಗೆ?
ತಲೆ ನಿಂಬೆಹಣ್ಣಿನಷ್ಟು, ಬಾಗಿಲು ಉಂಗುರದಷ್ಟು.

ರಾತ್ರಿ ಹನ್ನೊಂದಕ್ಕೆ ಜೀಪು ಹೊರಟಿತು ವಿರಾಜಪೇಟೆಗೆ.
ತಿರುವಿನಲ್ಲಿ ಫಾರೆಸ್ಟಿನವರು ಟಾರ್ಚು ಅಡ್ಡ ಹಿಡಿದರು:
ಆನೆ ಇಳಿದಿದೆ, ಲೈಟು ಆರಿಸಿ.
ಮುಕ್ಕಾಲು ಗಂಟೆ.
ಕತ್ತಲಲ್ಲಿ ಕಾಫಿ ಗಿಡ ಮುರಿಯುವ ಸದ್ದು,
ತಾಯಿಯ ಕಾಲಿನ ಸಂದಿಯಲ್ಲಿ ಮರಿಯಾನೆ, ಆರಾಮಾಗಿ.
ಅಷ್ಟು ದೊಡ್ಡ ಮರಿಗೆ ಅಷ್ಟೇ ದೊಡ್ಡ ಬಾಗಿಲು
ಯಾರೂ ಲೆಕ್ಕ ಹಾಕದೆ ಸಿಕ್ಕಿತ್ತು.
ನನ್ನ ತೊಡೆಯ ಮೇಲಿನದಕ್ಕೆ ಲೆಕ್ಕ ಹಾಕಿದವರು ನಾವು,
ಸಣ್ಣದು, ಇನ್ನೂ ಸಣ್ಣದು, ಇನ್ನೂ ಚಂದ.
ಅಮ್ಮತ್ತಿ ದಾಟುವ ಮೊದಲೇ
ತೊಡೆಯ ಮೇಲೆ ಬರೀ ಬಿಸಿ ಉಳಿಯಿತು,
ಆಮೇಲೆ ಅದೂ ಇಲ್ಲ.

ಕರ್ಣನ ಕೂಲಿ ಎರಡು ಸಾವಿರ
ಮುಂಗಡವಾಗಿ ಜೇಬಿನಲ್ಲೇ ಇತ್ತು.
ವಾಪಸು ಕೊಟ್ಟೆ ಎಂದು ಇಲ್ಲಿ ಬರೆಯಬೇಕು.
ಕೊಡಲಿಲ್ಲ.

ಧೂಳು ಎಂದು ಕಿಲೋಗೆ ಹತ್ತು ಗ್ರಾಂ
ಎಲ್ಲರ ಮೂಟೆಯಲ್ಲೂ ಕಡಿದವನು ನಾನು,
ಮಾಚವ್ವಕ್ಕನ ಮೂಟೆಯಲ್ಲೂ.
ಅದಕ್ಕೆ ನಿದ್ದೆ ಕೆಟ್ಟದ್ದಿಲ್ಲ.

ಇವತ್ತು ಮತ್ತೆ ಸೋಮವಾರ.
ಚಿಟ್ಟಿ ತಕ್ಕಡಿಯ ಮೇಲೆ ಕೂತು
ಮೆಣಸಿನ ಘಾಟಿಗೆ ಸೀನಿತು.
ಅದು ಉಸಿರಾಡುತ್ತಿರುವಷ್ಟು ಹೊತ್ತು
ಕೊನೆಯ ಅಂಕಿ ನಿಲ್ಲುವುದೇ ಇಲ್ಲ,
ನಲವತ್ತು, ನಲವತ್ತೈದು, ನಲವತ್ತು.
ಟವೆಲ್ಲು ಎಳೆದು ಬೇರೆಯಾಗಿ ತೂಗಿದೆ. ನೂರ ಐವತ್ತು.
ಕಳೆದೆ.
ಚೀಟಿಯಲ್ಲಿ ಬರೆದೆ, ಒಂದು ಕಿಲೋ ಆರುನೂರ ತೊಂಬತ್ತು.

ಮಾಚವ್ವಕ್ಕ ಕನ್ನಡಕ ಏರಿಸಿ ಓದಿದರು, ಮಡಚಿದರು,
ಚಿಟ್ಟಿಯನ್ನು ಸುತ್ತುತ್ತ ಕೇಳಿದರು:
'ಇಷ್ಟು ದಿನ ಯಾಕೆ ಕಳೆಯಲಿಲ್ಲ?'