ಪಿಸ್

ಗುಂಡಿ ಒತ್ತಿದರೆ ಗುಂಯ್ ಅನ್ನುತ್ತದೆ, ಅಷ್ಟೇ.
ಬಲ್ಬು ಮಂಕಾಗುತ್ತದೆ, ಫ್ಯಾನು ತಡವರಿಸುತ್ತದೆ,
ಮೂರು ಎಣಿಸುವುದರೊಳಗೆ ಟ್ರಿಪ್ಪು.
ಒಳಗಿಂದ ಹೆಂಡತಿ: "ಮಿಕ್ಸಿಯಲ್ಲಿ ಚಟ್ನಿ ಇದೆ ಕಣ್ರೀ!"

ಆಲ್ಕೊಳದ ಓಣಿ. ಕಾರಿಲ್ಲದ ಕಾರ್‌ಶೆಡ್ಡು.
ನಮ್ಮ ಅನ್ನವೆಂದರೆ ಐವತ್ತು ಲೀಟರಿನ ಈ ಕೆಂಪು ಹಂಡೆ.
ಅದು ಗಾಳಿ ಕಟ್ಟಿಕೊಟ್ಟರೆ ನಾನು ಬಣ್ಣ ಊದುತ್ತೇನೆ:
ಸ್ಕೂಟರಿನ ಮೂತಿಗೆ, ಕಬ್ಬಿಣದ ಬೀರುವಿಗೆ,
ಒಮ್ಮೆ, ನಗಬೇಡಿ, ಹೆಣ ಸಾಗಿಸುವ ವ್ಯಾನಿಗೆ ಬಿಳಿ.

ಮೊದಲು ಬೈದದ್ದು ಮೆಸ್ಕಾಂನವರನ್ನು.
ಮೀಟರು ಹಿಡಿದರೆ ಇನ್ನೂರ ಇಪ್ಪತ್ತೆಂಟು ವೋಲ್ಟು;
ಬೈದದ್ದನ್ನು ವಾಪಸು ತೆಗೆದುಕೊಂಡೆ.
ಎಕ್ಸ್‌ಟೆನ್ಷನ್ ವೈರಿಗೆ ಉದ್ದ ಜಾಸ್ತಿ, ಮೈ ಕಮ್ಮಿ ಅನ್ನಿಸಿ
ಅದನ್ನು ಕಿತ್ತು ನೇರ ಗೋಡೆಗೇ ಚುಚ್ಚಿದೆ.
ಗುಂಯ್.
ಮಾರ್ಗಶಿರದ ಚಳಿಗೆ ಎಣ್ಣೆ ಜೋನಿಬೆಲ್ಲದ ಹಾಗಿತ್ತು,
ಬದಲಿಸಿದೆ.
ಗುಂಯ್.

ಆಟೋ ಕಾಂಪ್ಲೆಕ್ಸಿನಿಂದ ದಸ್ತಗೀರ್ ಬಂದ.
ಕೆಪಾಸಿಟರ್ ಹೋಗಿದೆ ಅಂದ. ಮುನ್ನೂರೈವತ್ತು.
ಹೊಸದು ಹಾಕಿ ಒತ್ತಿ ನೋಡಿದ. ಅವನಿಗೂ ಗುಂಯ್.
"ಹಂಗಾದ್ರೆ ಮೋಟ್ರೇ" ಎಂದು
ಸತ್ತವರ ಮನೆಯಿಂದ ಹೊರಡುವವನ ಹಾಗೆ
ಯಾರ ಮುಖವನ್ನೂ ನೋಡದೆ ಹೆಲ್ಮೆಟ್ ಹಾಕಿಕೊಂಡ.

ಮೋಟರಾದರೆ ಇದೇನು ಮತ್ತೆ?
ಹಂಡೆಯ ಅಡಿಯ ಬಿರಡೆ ಬಿಚ್ಚಿ
ತುಕ್ಕುನೀರು, ಗಾಳಿ, ಎಲ್ಲ ಹೊರಹಾಕಿ ಒತ್ತಿದರೆ
ಓಡುತ್ತದೆ ಹೊಸ ಕರುವಿನಂತೆ!
ತುಂಬಿ ನಿಲ್ಲುತ್ತದೆ. ಒಂದು ಡೋರಿಗೆ ಬಣ್ಣ ಹೊಡೆದು
ಇನ್ನಷ್ಟು ಕೊಡು ಅಂದರೆ, ಗುಂಯ್.
ಖಾಲಿ ಹೊಟ್ಟೆಯಲ್ಲಿ ಗೆಯ್ಯುತ್ತದೆ,
ಅರೆಹೊಟ್ಟೆ ತುಂಬಿಸಿದರೆ ಮುಷ್ಕರ ಹೂಡುತ್ತದೆ.
ಇಂಥ ಕೂಲಿಯವನನ್ನು ನಾನು ಕಂಡಿಲ್ಲ.

ಆಚೆ ಮನೆಯ ಲವೀನಾ ಸಿಸ್ಟರ್ ಕಾಂಪೌಂಡಿನ ಹತ್ತಿರ ಬಂದರು.
ಮೆಗ್ಗಾನಿನಲ್ಲಿ ರಾತ್ರಿಪಾಳಿ, ಹಗಲೆಲ್ಲ ನಿದ್ದೆ.
ನಾಲ್ಕು ವರ್ಷಕ್ಕೆ ನಮ್ಮಿಬ್ಬರ ಮಾತು ಒಂದೇ:
"ಸ್ವಲ್ಪ ನಿಲ್ಸ್ತೀರಾ?"
ನಾನೇ ಮುಂಚೆ ಅಂದೆ,
"ನಿಂತೇ ಹೋಗಿದೆ ಸಿಸ್ಟರ್. ಆರಾಮಾಗಿ ಮಲಗಿ."
ದನಿಯಲ್ಲಿ ಕಹಿ ಇತ್ತು, ಇರಲಿ ಅಂತಲೇ ಬಿಟ್ಟೆ.

ಅವರು ಅಲುಗಲಿಲ್ಲ.
"ಅದು ನಿಂತ ಕೂಡ್ಲೆ ಪಿಸ್ ಅಂತಿತ್ತಲ್ಲ ಹಾಲೇಶಣ್ಣ,
ಆ ಪಿಸ್ ಎಲ್ಲಿ ಹೋಯ್ತು?
ಎಷ್ಟು ಬೈಕೊಂಡ್ರೂ ಅದಾದ್ಮೇಲೇ ನಂಗೆ ನಿದ್ದೆ ಹತ್ತೋದು.
ಹದಿನೈದು ದಿನ ಆಯ್ತು. ಸದ್ದು ನಿಲ್ಲತ್ತೆ,
ಪಿಸ್ ಬರಲ್ಲ. ಕಣ್ಣು ಬಿಟ್ಕೊಂಡು ಕಾಯ್ತಾ ಬಿದ್ದಿರ್ತೀನಿ.
ವಾರ್ಡಲ್ಲಿ ಕೂತು ಬಂದಿದ್ದ ಅಭ್ಯಾಸ ಅದು,
ಒಳಗೆಳ್ಕೊಂಡಿದ್ದು ಹೊರಗೆ ಬರೋ ತನಕ
ಎದೇನೇ ನೋಡ್ತಾ ಇರೋದು."

ಸ್ಪ್ಯಾನರು ಹಿಡಿದು ನಿಂತೆ.
ಹನ್ನೊಂದು ವರ್ಷ ಆ ಪಿಸ್ಸಿನ ಪಕ್ಕದಲ್ಲೇ ನಿಂತವನು ನಾನು.
ಅದು ಒಂದು ಕೆಲಸ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಪ್ಲಗ್ ಕಿತ್ತೆ. ಹಂಡೆ ಬರಿದು ಮಾಡಿದೆ.
ಸ್ವಿಚ್ಚಿನ ಮಗ್ಗುಲಲ್ಲಿ ಸಪೂರ ಪೈಪು, ಅದರ ತುದಿಗೆ ವಾಲ್ವು,
ವಾಲ್ವಿಗೆ ಸಾಸಿವೆಗಿಂತ ಸಣ್ಣ ಬಾಯಿ.
ನಿಂತಾಗ ಪಂಪಿನ ತಲೆಯಲ್ಲಿ ಉಳಿದ ಗಾಳಿ
ಅಲ್ಲಿಂದ ಹೋಗಬೇಕು.
ಹೋಗದಿದ್ದರೆ ಮುಂದಿನ ಸಲ
ಪಿಸ್ಟನ್ನು ಹಳೇ ಗಾಳಿಯನ್ನೇ ನೆತ್ತಿಯ ಮೇಲೆ ಹೊತ್ತು ಏಳಬೇಕು.
ಏಳಲಾರದೆ ಗುಂಯ್‌ಗುಡುತ್ತದೆ.

ಬಾಯಿ ಮುಚ್ಚಿಕೊಂಡಿತ್ತು.
ಮುಚ್ಚಿದ್ದು ನಾನೇ, ನನ್ನದೇ ಬಣ್ಣದ ಹುಡಿ.
ಹೆಂಡತಿಯ ಹೊಲಿಗೆ ಡಬ್ಬಿಯ ಸೂಜಿಯಲ್ಲಿ ಕೆದಕಿದರೆ
ಪದರ ಪದರ ಎದ್ದು ಬಂತು:
ನೀಲಿ, ಮೊನ್ನೆಯ ಬೀರು;
ಗಿಳಿಹಸಿರು, ಯಾರದೋ ವರದಕ್ಷಿಣೆಯ ಸ್ಕೂಟಿ;
ತೀರ ಒಳಗೆ ಒಂದು ಚೂರು ಬಿಳಿ.

ಒತ್ತಿದೆ. ಓಡಿತು. ತುಂಬಿತು. ನಿಂತಿತು.
ಪಿಸ್.
ಗಾಳಿ ಬಿಟ್ಟು ಮುಳ್ಳು ಇಳಿಸಿದೆ, ತಾನಾಗಿಯೇ ಎದ್ದಿತು.
ಮತ್ತೆ ಪಿಸ್.
ದಸ್ತಗೀರನ ಹತ್ತಿರ ಮುನ್ನೂರೈವತ್ತು ವಾಪಸು ಕೇಳಲು
ಯಾಕೋ ಮನಸ್ಸಾಗಲಿಲ್ಲ.

ಆಚೆ ಕಿಟಕಿಯ ಚಿಲಕ ಹಾಕಿದ ಸದ್ದು.
ಗಿರಾಕಿ ಐದಕ್ಕೆ ಬರುತ್ತಾನೆ,
ಅವನ ಸ್ಕೂಟರಿನ ಬಲಮಗ್ಗುಲು ಇನ್ನೂ ಪ್ರೈಮರಿನ ಬೂದಿ.
ಗನ್ನು ಕೈಗೆತ್ತಿಕೊಂಡವನು ಮೊಳೆಗೆ ತಗುಲಿಹಾಕಿ,
ಮರಳುಕಾಗದ ನೀರಿನಲ್ಲಿ ಅದ್ದಿ
ಉಜ್ಜುತ್ತ ಕೂತೆ.
ಆ ಬೂದಿಯನ್ನು ಆಗಲೇ ಎರಡು ಸಲ ಉಜ್ಜಿಯಾಗಿತ್ತು.