ಮೊಣಕಾಲಿನ ವರದಿ

ಸಭೆ ಐದಕ್ಕೆ ಅಂದಿದ್ದರು, ಆರೂಕಾಲಾಯಿತು.
ಮಂಡಕ್ಕಿ ಭಟ್ಟಿಗಳ ಹೊಗೆ
ನಮ್ಮ ಪಾರ್ಕಿನ ಕಡೆ ಮುಖ ತಿರುಗಿಸುವ ಹೊತ್ತು.
ಪಾಲಿಕೆಯ ಇಂಜಿನಿಯರು ಚೀಲದಿಂದ ತೆಗೆದರು
ಗೇಣುದ್ದದ ಪೈಪಿನ ತುಂಡು, ಬದನೆಕಾಯಿ ಬಣ್ಣದ್ದು.
"ಇದರಲ್ಲಿ ಬರೋದು ಬೇರೆ ನೀರು.
ಕುಡಿಯೋಕಲ್ಲ. ಹುಲ್ಲಿಗೆ, ಗಿಡಕ್ಕೆ,
ನಿಮ್ಮ ಖೋ ಖೋ ಅಂಕಣದ ಧೂಳಿಗೆ."

ಬೇರೆ ನೀರು ಅಂದರೆ ನಮ್ಮದೇ ನೀರು.
ಭದ್ರಾ ನಾಲೆಯಲ್ಲಿ ಬಂದು
ಅಕ್ಕಿ ತೊಳೆದು, ತಲೆಗೆರೆದು,
ಯಾರೂ ಹೆಸರು ಹಿಡಿದು ಹೇಳದ ಇನ್ನೊಂದನ್ನೂ ಹೊತ್ತು
ನೆಲದಡಿ ಊರು ದಾಟಿ,
ತೊಟ್ಟಿಯಿಂದ ತೊಟ್ಟಿಗೆ ಬಿದ್ದು ಎದ್ದು
ಗಂಡನ ಮನೆ ಬಿಟ್ಟು ಬಂದ ಮಗಳ ಹಾಗೆ
ಬಾಗಿಲಲ್ಲಿ ನಿಂತಿದೆ.
ಒಳಗೆ ಬಾ ಅನ್ನುವವರಿಲ್ಲ.

ಕೊಟ್ರಮ್ಮನವರು ಮೊದಲು ಎದ್ದರು:
"ನಾನಿಲ್ಲಿ ದಿನಾ ಕಣಗಿಲೆ ಬಿಡಿಸ್ತೀನಿ.
ಆ ನೀರು ಕುಡಿದ ಹೂವ
ದೇವರ ತಲೆ ಮೇಲೆ ಹೆಂಗಿಡಲಿ?"
ಇಂಜಿನಿಯರ ಫೈಲಿನಲ್ಲಿ ಕ್ಲೋರಿನ್ನಿಗೆ ಉತ್ತರವಿತ್ತು,
ದೇವರಿಗೆ ಇರಲಿಲ್ಲ.

ಟೈಲರ್ ಇಮಾಮ್‌ಸಾಬರು:
"ವಾಸನೆ ಬಂದ್ರೆ ಫೋನು ಯಾರಿಗೆ ಹಚ್ಚೋದು?
ಹಚ್ಚಿದ್ರೆ ಎತ್ತೋರು ಯಾರು?"
ಎಲ್ಲ ನಕ್ಕರು. ಅವರು ನಗಲಿಲ್ಲ.
ವಾಕಿಂಗ್ ಬಳಗದ ಅಧ್ಯಕ್ಷರಿಗೆ ಬೇಕಾದ್ದು
ಜಿಮ್ಮಿನ ಸೈಕಲ್ಲಿಗೆ ಹೊಸ ಪೆಡಲು.
ಅದನ್ನೂ ನಡಾವಳಿಗೆ ಸೇರಿಸಿದರು.

ಆಮೇಲೆ ನನ್ನ ತಂಡದ ಚಂದ್ರಿಕಾ,
ಒಂಬತ್ತನೇ ಕ್ಲಾಸು, ಕಂಬ ಸುತ್ತುವುದರಲ್ಲಿ ಗಾಳಿ.
ಅವಳಪ್ಪ ಒಳಚರಂಡಿ ಕೆಲಸದವನು.
"ನಮ್ಮಪ್ಪ ಆ ನೀರಿಂದ ಎದ್ದು ಬಂದು
ಕೈ ತೊಳೆದು ನನ್ನ ಎತ್ತಿಕೊಳ್ತಿದ್ದ.
ನನಗೇನೂ ಆಗಿಲ್ಲ.
ಅಪ್ಪನ ಕಾಲಿಗೆ ಆಗಿದೆ, ಇನ್ನೂ ಮಾಯ್ದಿಲ್ಲ.
ಎರಡನ್ನೂ ಬರಕೊಳ್ಳಿ ಸರ್."

ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬರೆದದ್ದು ಯಾವುದೋ, ನನಗೆ ಕಾಣಲಿಲ್ಲ.
ತೀರ್ಮಾನ: ಲ್ಯಾಬ್ ವರದಿ ಬರುವವರೆಗೆ ಕಾಯುವುದು.

ಬೇಸಿಗೆ ಶಿಬಿರ ಕಾಯುತ್ತದೆಯೇ?
ನಲವತ್ತೊಂದು ಹುಡುಗಿಯರ ಪಟ್ಟಿ ನನ್ನ ಕೈಯಲ್ಲಿ,
ಮೂರು ತಿಂಗಳ ಗೌರವಧನ ಪಾಲಿಕೆಯ ಕೈಯಲ್ಲಿ.
ಟ್ಯಾಂಕರು ಎರಡು ಸಲ ಬಂತು, ಮೂರನೆಯ ಸಲ ಮದುವೆ ಮನೆಗೆ ಹೋಯಿತು.
ಒಣ ಅಂಕಣದಲ್ಲಿ "ಖೋ" ಅಂದರೆ
ಕೂಗಿಗಿಂತ ಮುಂಚೆ ಕೆಮ್ಮು ಬರುತ್ತದೆ.

ಒಂದು ನಸುಕಿನಲ್ಲಿ, ನಾಲ್ಕೂವರೆಗೆ,
ವಾಲ್ವ್‌ಮನ್ ಹಾಲೇಶಿಯ ಕೀಲಿ ಇಸಿದುಕೊಂಡೆ.
"ನಾನು ಕೊಟ್ಟಿಲ್ಲ ಅಕ್ಕ," ಅಂತ ಕೊಟ್ಟ.
ಬದನೆ ಬಣ್ಣದ ಕೊಳವೆ ಗೊರಗೊರ ಅಂದು
ನೀರು ಬಿಟ್ಟಿತು. ಮೂಗು ಹತ್ತಿರ ಒಯ್ದೆ:
ಈಜುಕೊಳದ ವಾಸನೆ, ಅದರ ಹಿಂದೆ
ಹಳೇ ನೋಟಿನಂಥದೇನೋ. ಅಷ್ಟೆ.
ಮಣ್ಣು ಹದವಾಗಿ ಕೂತಿತು.

ನನಗೀಗ ನಲವತ್ತೇಳು.
ಜಿಲ್ಲಾ ತಂಡದಲ್ಲಿ ಆಡಿ ಇಪ್ಪತ್ತೈದು ವರ್ಷ ದಾಟಿದೆ.
ಚೂಡಿದಾರದ ಕಾಲು ಮೇಲೆ ಮಡಚಿ,
ಓಡಿ, ಯಾರೂ ಇಲ್ಲದ ಎದುರಾಳಿಯ ಬೆನ್ನಿಗೆ
ಡೈವ್ ಹೊಡೆದೆ.
ಬಲ ಮೊಣಕಾಲು ಬಿರಿಯಿತು.
ಕೆಂಪು, ಕಂದು, ನೀರು, ಮೂರೂ ಒಂದಾದವು.
ತೊಳೆಯಲಿಲ್ಲ ಮಧ್ಯಾಹ್ನದವರೆಗೆ.

ಮೊದಲ ದಿನ ಉರಿ.
ಮೂರನೇ ದಿನ ತುರಿಕೆ; ಸೊಳ್ಳೆಯೂ ಇರಬಹುದು.
ಏಳಕ್ಕೆ ಹಕ್ಕಳೆ, ಗಟ್ಟಿ, ಕರ್ರಗೆ,
ಹುರಿದ ಕಡಲೆಯಷ್ಟು.

ಮುಂದಿನ ಸಭೆಯಲ್ಲಿ ತೋರಿಸಿದೆ.
ಇಂಜಿನಿಯರು ಬಗ್ಗಿ ನೋಡಿ, ಪಾಪ, ಗಂಭೀರವಾಗೇ ಅಂದರು:
"ಒಂದು ಮೊಣಕಾಲು ಸ್ಯಾಂಪಲ್ ಆಗಲ್ಲ ಮೇಡಂ."
ನಿಜವೇ.
ಪಟ್ಟಿಯಲ್ಲಿರುವುದು ಎಂಬತ್ತೆರಡು ಮೊಣಕಾಲು,
ಒಂದಕ್ಕೂ ನಾನು ಮಾತು ಕೊಡಲಾರೆ.
ಲ್ಯಾಬ್ ವರದಿ ಇನ್ನೂ ದಾರಿಯಲ್ಲಿದೆಯಂತೆ.

ಕೊಟ್ರಮ್ಮನವರು ಮಾತ್ರ ಕಣಗಿಲೆ ಬಿಟ್ಟಿಲ್ಲ.
ಮನೆಗೆ ಒಯ್ದು ನಲ್ಲಿ ನೀರಲ್ಲಿ
ಎರಡು ಸಲ ತೊಳೆಯುತ್ತಾರೆ.
ತೊಳೆದ ನೀರು ಬಚ್ಚಲ ತೂತಿನಲ್ಲಿ ಇಳಿದು
ನೆಲದಡಿಗೆ ಹೊರಡುತ್ತದೆ,
ಎರಡು ಎಸಳು ಹೊತ್ತು.